ಕೂತ ಜಾಗದಿಂದ ಏಳದ ಹೇಮಶ್ರೀ

"ನಾನು ಈ ಕುರ್ಚಿಯಿಂದ ಏಳೋದು ಎರಡೇ ಕಾರಣಕ್ಕೆ. ಒಂದು ಊಟಕ್ಕೆ, ಇನ್ನೊಂದು ಮನೆಗೆ. ಮಿಕ್ಕಿದ್ದೆಲ್ಲ ಕೂತಲ್ಲಿಂದಲೇ. ಕೆ.ಆರ್. ಪುರಂನಿಂದ ಶಿವಾಜಿನಗರದವರೆಗೆ ನಮ್ಮ ಕಂಪನಿಯ ಒಂದು ಫೋನು ಆಕಳಿಸಿದ್ರೂ ನಂಗೆ ಗೊತ್ತಾಗುತ್ತೆ."

ಹಲಸೂರಿನ ಹೇಮಶ್ರೀ ಈ ಮಾತನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳುತ್ತಿದ್ದಳು, ಹಳಬರಿಗೆ ನೆನಪಿಸುತ್ತಿದ್ದಳು, ಮೆಟ್ರೋದಲ್ಲಿ ಪಕ್ಕ ಕೂತ ಅಪರಿಚಿತರಿಗೂ ಬಿಡುತ್ತಿರಲಿಲ್ಲ. ಗರುಡಾಚಾರ್‌ಪಾಳ್ಯದ ನಿಲ್ದಾಣ ಬರುವಷ್ಟರಲ್ಲಿ ಆ ಅಪರಿಚಿತರು ತಮ್ಮ ಫೋನನ್ನು ಜೇಬಿನಲ್ಲಿ ಇನ್ನಷ್ಟು ಒಳಕ್ಕೆ ತಳ್ಳಿಕೊಂಡಿರುತ್ತಿದ್ದರು.

ಅವಳು ಕೆಲಸ ಮಾಡುತ್ತಿದ್ದದ್ದು ಭಗವಂತರಾಯರ ಮಿಠಾಯಿ ಕಂಪನಿಯಲ್ಲಿ. ಗರುಡಾಚಾರ್‌ಪಾಳ್ಯದಲ್ಲಿ ಕಾರ್ಖಾನೆ, ಅದರ ಮೇಲಿನ ಮಹಡಿಯಲ್ಲಿ ಆಫೀಸು. ಹಲಸೂರು, ಇಂದಿರಾನಗರ, ಪುಲಿಕೇಶಿನಗರ, ಕೆ.ಆರ್. ಪುರಂ, ಕಮರ್ಷಿಯಲ್ ಸ್ಟ್ರೀಟು, ಎಲ್ಲ ಕಡೆ ಅಂಗಡಿಗಳು. ಒಂದೊಂದು ಅಂಗಡಿಯಲ್ಲೂ ಬಿಲ್ ಹಾಕಲು ಟ್ಯಾಬುಗಳು, ಡೆಲಿವರಿ ಹುಡುಗರ ಕೈಯಲ್ಲಿ ಫೋನುಗಳು, ಆಫೀಸಿನಲ್ಲಿ ಲ್ಯಾಪ್‌ಟಾಪುಗಳು. ಹಿಂದೆ ಒಂದು ಟ್ಯಾಬು ಕೆಟ್ಟರೆ ಅದನ್ನು ಖಾಲಿ ಬೂಂದಿ ಡಬ್ಬದಲ್ಲಿಟ್ಟು ವ್ಯಾನಿಗೆ ಹತ್ತಿಸಿ ಹೇಮಶ್ರೀಗೆ ಕಳಿಸುತ್ತಿದ್ದರು. ಎಷ್ಟೋ ಸಲ ಬೂಂದಿ ಹೇಮಶ್ರೀಗೂ ಟ್ಯಾಬು ಗಿರಾಕಿಗೂ ತಲುಪಿದ್ದುಂಟು. ಒಬ್ಬ ಗಿರಾಕಿಯಂತೂ ಅದನ್ನು ಹಬ್ಬದ ಕೊಡುಗೆ ಎಂದುಕೊಂಡು ಇವತ್ತಿಗೂ ವಾಪಸು ಕೊಟ್ಟಿಲ್ಲ.

ಆಮೇಲೆ ಬಂತು ಹೇಮಶ್ರೀಯ ಪ್ಲಾಟ್‌ಫಾರ್ಮು. ರೈಲು ನಿಲ್ಲುವಂಥದ್ದಲ್ಲ. ಕಂಪನಿಯ ಎಲ್ಲ ಯಂತ್ರಗಳೂ ಒಂದೇ ಪರದೆಯಲ್ಲಿ ಸಾಲಾಗಿ ಬಂದು ನಿಲ್ಲುವ ಜಾಗ. ಅವಳು ಅಲ್ಲಿಂದ ಇಂದಿರಾನಗರದ ಟ್ಯಾಬಿಗೆ ಹೊಸ ಬೆಲೆ ತುಂಬಬಹುದು, ಪುಲಿಕೇಶಿನಗರದಲ್ಲಿ ಯಾರೋ ಬಿಲ್ಲಿನ ಟ್ಯಾಬಿನಲ್ಲಿ ಸಿನಿಮಾ ನೋಡುತ್ತಿದ್ದರೆ ನಾಯಕ ಖಳನಾಯಕನ ಕೊರಳಪಟ್ಟಿ ಹಿಡಿಯುವ ಹೊತ್ತಿಗೆ ಸರಿಯಾಗಿ ನಿಲ್ಲಿಸಬಹುದು, ಕಳೆದುಹೋದ ಫೋನನ್ನು ಕೂಗಿಸಬಹುದು, ಬೀಗ ಹಾಕಬಹುದು. ಡೆಲಿವರಿ ಹುಡುಗನೊಬ್ಬ ಜ್ವರ ಎಂದು ಹೇಳಿ ಹಲಸೂರು ಕೆರೆಯ ಏರಿಯ ಮೇಲೆ ಕಡಲೆಕಾಯಿ ತಿನ್ನುತ್ತಿದ್ದಾಗ ಅವನ ಫೋನಿನಲ್ಲಿ "ಬೇಗ ಗುಣವಾಗಿ" ಎಂಬ ಸಂದೇಶ ಮೂಡಿಸಿದವಳು ಇವಳೇ. ಆ ಹುಡುಗ ಮಾರನೆಯ ದಿನದಿಂದ ಅವಳ ಕುರ್ಚಿಗೆ ಕೈಮುಗಿದೇ ಮುಂದೆ ಹೋಗುತ್ತಿದ್ದ.

ಮನೆಯಲ್ಲೂ ಅದೇ ಆಡಳಿತ. ಗಂಡ ಸೂರ್ಯ ಗೋಡೆಗೆ ಬಣ್ಣ ಹೊಡೆಸುವ ಕಾಂಟ್ರಾಕ್ಟರು, ತಾಳ್ಮೆಯ ಮನುಷ್ಯ. ಟಿವಿ ಚಾನೆಲ್ ಬದಲಾಯಿಸುವ ಮುಂಚೆ "ಅಡ್ಮಿನ್ ಮೇಡಂ, ಅಪ್ಪಣೆ ಇದೆಯಾ?" ಎಂದು ಅಡುಗೆಮನೆಯ ಕಡೆ ತಿರುಗಿ ಕೇಳುವುದನ್ನು ಅಭ್ಯಾಸ ಮಾಡಿಕೊಂಡಿದ್ದ.

ಇಷ್ಟು ದೊಡ್ಡ ಸಾಮ್ರಾಜ್ಯದಲ್ಲಿ ಒಂದೇ ಒಂದು ಕೆಂಪು ಚುಕ್ಕೆ ಇತ್ತು. ಅದರ ಹೆಸರು ಖುರ್ಷೀದಾ.

ಖುರ್ಷೀದಾ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯ ಮುಖ್ಯಸ್ಥೆ. ಆಫೀಸಿನ ಮೇಲ್ ನೋಡಬೇಕಾದವರು ತಮ್ಮ ಸ್ವಂತ ಫೋನನ್ನೂ ಪ್ಲಾಟ್‌ಫಾರ್ಮಿಗೆ ಸೇರಿಸಬೇಕು ಎಂದು ಹೇಮಶ್ರೀ ಡಂಗುರ ಸಾರಿಸಿದಾಗ ಎಲ್ಲರೂ ಕುರಿಗಳ ಹಾಗೆ ಬಂದು ಸೇರಿದರು. ಭಗವಂತರಾಯರೂ ಸೇರಿದರು. ಖುರ್ಷೀದಾ ಮಾತ್ರ ಸೇರಲಿಲ್ಲ.

"ನನ್ ಫೋನಲ್ಲಿ ನಮ್ ತಂಗಿ ಮದ್ವೆ ಫೋಟೋ ಇದೆ, ನಮ್ಮಮ್ಮನ ಬಿರಿಯಾನಿ ಮಸಾಲೆ ಲೆಕ್ಕ ಇದೆ. ಅದ್ನೆಲ್ಲ ನಿಮ್ಗ್ಯಾಕೆ ಹೇಮಕ್ಕಾ?" ಎಂದಳು. "ಮೇಲ್ ಬೇಡ ಬಿಡಿ. ಏನಾದ್ರೂ ಹೇಳೋದಿದ್ರೆ ವ್ಯಾನ್ ಡ್ರೈವರ್ ಕೈಲಿ ಹೇಳಿ ಕಳಿಸಿ."

ಅಂದಿನಿಂದ ಪರದೆಯ ಹಸಿರು ಚುಕ್ಕೆಗಳ ತೋಟದಲ್ಲಿ ಖುರ್ಷೀದಾಳ ಹೆಸರಿನ ಪಕ್ಕ ಒಂದು ಕೆಂಪು ಚುಕ್ಕೆ ಕಣ್ಣು ಕೆರಳಿಸಿಕೊಂಡು ಕೂತಿತ್ತು. ರಾಯರು ಪರಿಶೀಲನೆಗೆ ಬರುವ ದಿನ ಹೇಮಶ್ರೀ ಅದರ ಮೇಲೆ ಒಂದು ಹಸಿರು ಬಿಂದಿ ಅಂಟಿಸುತ್ತಿದ್ದಳು. ಪರದೆ ಸ್ವಲ್ಪ ಜರುಗಿದರೆ ಬಿಂದಿ ಬೇರೆ ಯಾರದೋ ಹೆಸರಿನ ಹಣೆಗೆ ಹೋಗಿ ಕೂರುತ್ತಿತ್ತು. ರಾಯರಿಗೆ ದೂರದೃಷ್ಟಿ ಚೆನ್ನಾಗಿದ್ದು ಹತ್ತಿರದ ದೃಷ್ಟಿ ಮಂದವಾಗಿದ್ದರಿಂದ ಬಚಾವು.

ಈ ಸಲದ ಆಯುಧ ಪೂಜೆಯ ಹಿಂದಿನ ದಿನ ರಾಯರು ಹೇಮಶ್ರೀಯ ಕುರ್ಚಿಯ ಹತ್ತಿರ ಬಂದು ನಿಂತರು. ಜೊತೆಯಲ್ಲಿ ಅವರ ತಮ್ಮನ ಮಗ ಲಿಖಿತ್. ಮ್ಯಾನೇಜ್‌ಮೆಂಟು ಓದಿಕೊಂಡು ಬಂದವನು. ಹೇಮಶ್ರೀಯ ಕೆಲಸವನ್ನು ಹೊರಗಿನ ಒಂದು ಕಂಪನಿಗೆ ಒಪ್ಪಿಸಿಬಿಡಬೇಕೆಂದು ಆರು ತಿಂಗಳಿಂದ ದೊಡ್ಡಪ್ಪನ ಕಿವಿಯಲ್ಲಿ ನೊಣದ ಹಾಗೆ ಗುಂಯ್‌ಗುಡುತ್ತಿದ್ದ.

"ನೋಡ್ರೀ ಹೇಮಶ್ರೀ, ಪ್ರತಿ ವರ್ಷ ಅಂಗಡಿ ಅಂಗಡಿಗೂ ಪುರೋಹಿತರನ್ನ ಕಳಿಸೋದು, ಅವರು ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡು ಟಿನ್ ಫ್ಯಾಕ್ಟರಿ ಹತ್ರ ಕಾರಿಗೇ ಮಂಗಳಾರತಿ ಮಾಡಿ ವಾಪಸ್ ಬರೋದು. ಈ ಸಲ ಬೇಡ. ನೀವು ಎಲ್ಲಾ ಒಂದೇ ಕಡೆಯಿಂದ ಮಾಡ್ತೀನಿ ಅಂತೀರಲ್ಲ, ಪೂಜೇನೂ ಒಂದೇ ಕಡೆಯಿಂದ ಮಾಡಿಸಿ."

"ಅಂದ್ರೆ ಸಾರ್?"

"ಇಲ್ಲಿ ಕೆಳಗೆ ಪೂಜೆ ನಡೀಬೇಕು, ಅಲ್ಲೆಲ್ಲ ಮೆಷಿನ್‌ಗಳಿಗೆ ಕುಂಕುಮ ಬೀಳ್ಬೇಕು. ಪೂಜೆ ಹೊತ್ತಲ್ಲಿ ಆಯುಧಗಳಿಗೆ ವಿಶ್ರಾಂತಿ ಕೊಡ್ಬೇಕು, ಯಾರೂ ಮುಟ್ಟಬಾರ್ದು. ಆಗುತ್ತೋ ಇಲ್ವೋ?"

ಆಗುವುದಿಲ್ಲ ಎಂಬ ಪದ ಹೇಮಶ್ರೀಯ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. "ಕೂತಲ್ಲಿಂದಲೇ ಸಾರ್," ಎಂದಳು. ರಾತ್ರಿಯೊಳಗೆ ಒಂದು ಚಿತ್ರ ತಯಾರಾಯಿತು. ಮೇಲೆ ದೇವಿ, ಸುತ್ತ ಸೇವಂತಿಗೆ, ನಡುವೆ ದೊಡ್ಡ ಕುಂಕುಮದ ಬೊಟ್ಟು, ಕೆಳಗೆ "ಈ ಯಂತ್ರವು ಪೂಜೆಯಲ್ಲಿದೆ. ಮಂಗಳಾರತಿಯ ನಂತರ ಭೇಟಿಯಾಗಿ." ಗುಂಡಿ ಒತ್ತಿದರೆ ಎಲ್ಲ ಯಂತ್ರಗಳ ಮೇಲೂ ಈ ಚಿತ್ರ ಬಂದು ಬೀಗ ಬೀಳುತ್ತದೆ. ಪೂಜೆ ಮುಗಿದ ಮೇಲೆ ಇನ್ನೊಂದು ಗುಂಡಿ ಒತ್ತಿದರೆ ಬೀಗ ಬಿಡುತ್ತದೆ. ಅಂಗಡಿ ತೆರೆಯುವುದಕ್ಕೆ ಮುಂಚೆಯೇ ಎಲ್ಲ ಮುಗಿದು ಮಾರಾಟ ಶುರು. ಎಳೆ ಮಗುವೂ ಮಾಡಬಹುದಾದ ಕೆಲಸ.

ಬೆಳಿಗ್ಗೆ ಕಾರ್ಖಾನೆಯ ಹಜಾರದಲ್ಲಿ ನೆಲದ ಮೇಲೆ ಮಣೆ ಹಾಕಿ, ದೇವಿಯ ಪಟ, ದೀಪ, ಊದುಬತ್ತಿ ಇಟ್ಟಿದ್ದರು. ಮಿಠಾಯಿಯವರ ಪರವಾಗಿ ಒಂದು ಜಾಲರಿ ಸೌಟು ಪಟದ ಮುಂದೆ ಕೂತಿತ್ತು. ಫೋನುಗಳ ಪರವಾಗಿಯೂ ಒಂದು ಇರಲಿ ಎಂದು ಹೇಮಶ್ರೀ ತನ್ನ ಡ್ರಾಯರಿನಲ್ಲಿದ್ದ ಕಂಪನಿಯ ಹೆಚ್ಚುವರಿ ಫೋನನ್ನು, ಪೂಜೆಯ ನಡುವೆ ಕಿರುಚದಿರಲೆಂದು ಆಫ್ ಮಾಡಿ, ಸೌಟಿನ ಪಕ್ಕ ಇಟ್ಟಳು. ಪುರೋಹಿತರು ಅದಕ್ಕೂ ವಿಭೂತಿ ಬಳಿದು ಹೂ ಏರಿಸಿದರು. ರೇಷ್ಮೆ ಸೀರೆ ಉಟ್ಟ ಹೇಮಶ್ರೀ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಸಹ ಪುರೋಹಿತರ ಗತ್ತಿನಲ್ಲಿ ಕೂತಳು.

"ನಿಮ್ಮ ಲ್ಯಾಪ್‌ಟಾಪು, ನಿಮ್ಮ ಫೋನು?" ರಾಯರು ಕೇಳಿದರು. "ಅವೂ ಸೇರಿದವಾ?"

"ಅವು ಬೇಡ ಅಂತಿದ್ದೆ ಸಾರ್."

"ಯಾಕ್ರೀ? ವರ್ಷವೆಲ್ಲ ದುಡಿದ ಮೆಷಿನ್ನು. ಎಲ್ಲರಿಗೂ ಕುಂಕುಮ, ಅದಕ್ಕೆ ಮಾತ್ರ ಇಲ್ವಾ? ಪಾಪ."

ಆ 'ಪಾಪ' ಹೇಮಶ್ರೀಯ ಎದೆಗೆ ನಾಟಿತು. ತೊಡೆಯ ಮೇಲೆ ಬೆಚ್ಚಗೆ ಕೂತಿದ್ದ ಲ್ಯಾಪ್‌ಟಾಪು ಅನಾಥ ಮಗುವಿನಂತೆ ಕಂಡಿತು. ಪಟ್ಟಿಯಲ್ಲಿ 'ಎಲ್ಲವೂ' ಎಂಬುದನ್ನು ಆರಿಸಿದಳು. ಪ್ಲಾಟ್‌ಫಾರ್ಮು ಒಳ್ಳೆಯದು, ಎಚ್ಚರಿಸಿತು: 'ಇದರಲ್ಲಿ ನಿಮ್ಮ ಯಂತ್ರಗಳೂ ಇವೆ. ಮುಂದುವರಿಯಲೇ?' ಅಷ್ಟರಲ್ಲಿ ಗಂಟೆ ಮೊಳಗಿತು, ಪುರೋಹಿತರು ಕಣ್ಣಲ್ಲೇ ಮುಹೂರ್ತ ಎಂದರು. ಹೇಮಶ್ರೀ ಅರ್ಧ ಓದಿ ಪೂರ್ತಿ ಒತ್ತಿದಳು.

ಒತ್ತಿದ್ದೇ ತಡ, ಹಜಾರದಲ್ಲಿದ್ದ ಎಲ್ಲರ ಜೇಬಿನಲ್ಲೂ ದೇವಿ ಪ್ರತ್ಯಕ್ಷಳಾದಳು. ಹೇಮಶ್ರೀಯ ತೊಡೆಯ ಮೇಲೂ. ಮಂಗಳಾರತಿ ಆಯಿತು. ಪ್ರಸಾದ ಹಂಚಿದರು. ರಾಯರು ತೃಪ್ತಿಯಿಂದ "ಈಗ ಬಿಡಿಸಿ" ಎಂದರು.

ಹೇಮಶ್ರೀ ಲ್ಯಾಪ್‌ಟಾಪು ನೋಡಿದಳು. ದೇವಿ ಅವಳನ್ನು ನೋಡಿದಳು. ಇನ್ನೊಂದು ಗುಂಡಿ ಇದ್ದದ್ದು ದೇವಿಯ ಹಿಂದೆ.

"ಏನಾಯ್ತು?"

"ಏನಿಲ್ಲ ಸಾರ್. ವಿಶ್ರಾಂತಿ ಸ್ವಲ್ಪ ಗಾಢವಾಗಿದೆ."

ಬೇರೆ ಯಾವ ಯಂತ್ರದಿಂದಲಾದರೂ ಪ್ಲಾಟ್‌ಫಾರ್ಮಿನ ಒಳಗೆ ಹೋಗಬಹುದಿತ್ತು. ಆದರೆ ಅದರ ಬಾಗಿಲಿಗೆ ಎರಡು ಬೀಗ. ಮೊದಲನೆಯದು ಪಾಸ್‌ವರ್ಡು. ಎರಡನೆಯದು ಆರಂಕಿಯ ಒಂದು ಸಂಖ್ಯೆ. ಅದು ಹೇಮಶ್ರೀಯ ಫೋನಿನೊಳಗೆ ತಾನಾಗಿಯೇ ಹುಟ್ಟುತ್ತದೆ, ಅರೆ ನಿಮಿಷ ಬದುಕುತ್ತದೆ, ಸಾಯುತ್ತದೆ, ಇನ್ನೊಂದು ಹುಟ್ಟುತ್ತದೆ. ಆ ಫೋನು ಈಗ ಕುಂಕುಮ ಇಟ್ಟುಕೊಂಡು ಮಲಗಿತ್ತು. ಪ್ಲಾಟ್‌ಫಾರ್ಮಿನವರ ಸಹಾಯವಾಣಿಗೆ ಕರೆ ಮಾಡೋಣವೆಂದರೆ ಅವರ ನಿಯಮ, ನೋಂದಾಯಿಸಿದ ಫೋನಿನಿಂದಲೇ ಮಾಡಬೇಕು. ನೋಂದಾಯಿಸಿದ ಫೋನೂ ಅದೇ, ಮಲಗಿದ್ದೂ ಅದೇ.

ರಾಯರ ಮುಖ ಅವರದೇ ಅಂಗಡಿಯ ಜಹಾಂಗೀರಿನ ಬಣ್ಣಕ್ಕೆ ತಿರುಗಿತು. ಆಯುಧ ಪೂಜೆಯ ದಿನ ಎಂದರೆ ಬೆಂಗಳೂರಿನ ಪೂರ್ವಭಾಗದಲ್ಲಿ ಮಿಠಾಯಿ ಡಬ್ಬಿ, ಕಡಲೆಪುರಿ ಕೊಳ್ಳದ ಮನುಷ್ಯನಿಲ್ಲ. ಕೊಳ್ಳದವನು ಆಸ್ಪತ್ರೆಯಲ್ಲಿರುತ್ತಾನೆ, ಇಲ್ಲವೇ ಮಾರುತ್ತಿರುತ್ತಾನೆ.

"ನಾನ್ ಹೇಳಿರ್ಲಿಲ್ವಾ ದೊಡ್ಡಪ್ಪಾ?" ಎಂದ ಲಿಖಿತ್.

"ಕೇಳಿ ಹೇಮಶ್ರೀ," ರಾಯರು ಹೇಳಿದರು. "ಮಧ್ಯಾಹ್ನದ ಒಳಗೆ ಇದು ಸರಿಹೋದ್ರೆ ಸರಿ. ಇಲ್ದಿದ್ರೆ ನಾಳೆಯಿಂದ ಈ ಪ್ಲಾಟ್‌ಫಾರ್ಮು ಲಿಖಿತ್ ಹೇಳೋ ಕಂಪನಿಗೆ. ನೀವು ಹಲಸೂರು ಅಂಗಡಿಲಿ ಮತ್ತೆ ಬಿಲ್ ಹಾಕ್ಕೊಂಡು ಇರಬಹುದು."

ಹಲಸೂರು ಅಂಗಡಿಯಲ್ಲಿ ಬಿಲ್ ಹಾಕುವುದರಿಂದಲೇ ಹೇಮಶ್ರೀ ಶುರು ಮಾಡಿದ್ದು. ಕೆಟ್ಟ ಬಿಲ್ಲಿನ ಯಂತ್ರದ ತಲೆಗೆ ಎಲ್ಲಿ ಗುದ್ದಿದರೆ ಸರಿಹೋಗುತ್ತದೆಂದು ಕಂಡುಹಿಡಿದೇ ಅವಳು ಈ ಕುರ್ಚಿಯವರೆಗೆ ಬಂದದ್ದು. ಅಲ್ಲಿ ಬಿಲ್ ಹಾಕುವವರು ನಿಂತೇ ಇರಬೇಕು. ದಿನವಿಡೀ ನಿಲ್ಲುವ ತನ್ನನ್ನು ತಾನೇ ಕಲ್ಪಿಸಿಕೊಂಡು ಹೇಮಶ್ರೀಯ ಮಂಡಿಗಳು ಕೂತಲ್ಲೇ ನೋಯತೊಡಗಿದವು.

ಆಗ ಅವಳ ಕಣ್ಣು ಮಣೆಯ ಮೇಲಿನ ಫೋನಿನ ಮೇಲೆ ಬಿತ್ತು.

"ಸಾರ್! ಆ ಫೋನು! ನನ್ನ ಫೋನು ಕಳೆದುಹೋದ್ರೆ ಇರ್ಲಿ ಅಂತ ಆ ನಂಬರ್ ಹುಟ್ಟೋ ಆಪ್ ಅದರಲ್ಲೂ ಹಾಕಿಟ್ಟಿದ್ದೆ. ಅದು ಆಫ್ ಆಗಿತ್ತು, ಅದಕ್ಕಿನ್ನೂ ಬೀಗ ಬಿದ್ದಿಲ್ಲ!"

ಎಲ್ಲರೂ ಮಣೆಯ ಕಡೆ ನುಗ್ಗಿದರು. ರಾಯರು ಎರಡೂ ಕೈ ಚಾಚಿ ಅಡ್ಡ ನಿಂತರು.

"ಕದಲಿಸೋ ಹಾಗಿಲ್ಲ! ಪೂಜೆಗೆ ಇಟ್ಟ ಆಯುಧ ನಾಳೆ ಮರುಪೂಜೆ ಆಗೋವರೆಗೆ ಮಣೆ ಬಿಟ್ಟು ಕದಲಬಾರ್ದು. ನಮ್ಮ ತಂದೆಯವರು ಒಂದು ವರ್ಷ ಅವಸರಕ್ಕೆ ಸೌಟು ಎತ್ತಿದ್ರು. ಆ ವರ್ಷದ ಮೈಸೂರ್ ಪಾಕೆಲ್ಲ ಕಲ್ಲಾಯ್ತು. ಹಲಸೂರು ಅಂಗಡಿ ಮೆಟ್ಟಿಲು ಯಾವುದರದ್ದು ಅಂದ್ಕೊಂಡಿದೀರಿ?"

ಹೇಮಶ್ರೀ ಆ ಮೆಟ್ಟಿಲನ್ನು ವರ್ಷಗಟ್ಟಲೆ ಹತ್ತಿ ಇಳಿದಿದ್ದಳು. ಮಳೆಗಾಲದಲ್ಲಿ ಅದರಿಂದ ಸಣ್ಣಗೆ ತುಪ್ಪದ ವಾಸನೆ ಬರುತ್ತಿದ್ದದ್ದು ಈಗ ಅರ್ಥವಾಯಿತು.

"ಮುಟ್ಟಬಹುದಾ ಸಾರ್?"

ರಾಯರು ಪುರೋಹಿತರ ಮುಖ ನೋಡಿದರು. ಪುರೋಹಿತರು ದಕ್ಷಿಣೆಯ ತಟ್ಟೆ ನೋಡಿಕೊಂಡು "ಮುಟ್ಟಬಹುದು, ಕದಲಿಸಬಾರದು" ಎಂದು ತೀರ್ಪು ಕೊಟ್ಟರು.

ಇನ್ನೊಂದು ಕಂಟಕ ಉಳಿದಿತ್ತು. ಬೀಗದ ಆಜ್ಞೆ ಆ ಫೋನಿಗಾಗಿ ಗಾಳಿಯಲ್ಲಿ ಕಾಯುತ್ತಿತ್ತು. ಫೋನು ಎಚ್ಚರವಾಗಿ ನೆಟ್‌ವರ್ಕಿನ ವಾಸನೆ ಹಿಡಿದ ಮರುಗಳಿಗೆಯೇ ಅದಕ್ಕೂ ಕುಂಕುಮ. ಸಂಖ್ಯೆ ಹುಟ್ಟಲು ನೆಟ್‌ವರ್ಕು ಬೇಡ, ಆದರೆ ಅದನ್ನು ಓದುವವರೆಗೆ ನೆಟ್‌ವರ್ಕು ಹತ್ತಿರ ಸುಳಿಯಬಾರದು. ಸಿಮ್ ತೆಗೆಯಬೇಕೆಂದರೆ ಫೋನನ್ನು ಎತ್ತಲೇಬೇಕು. ಎತ್ತಿದರೆ ಮೈಸೂರ್ ಪಾಕು.

ವರ್ಷವಿಡೀ ಆ ಹಜಾರದಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಹೆಂಡತಿಯರ ಜೊತೆ ಮಾತಾಡಬೇಕಾದ ಅಡುಗೆಯವರು ಟ್ಯಾಂಕಿನ ಮೇಲೆ ಹತ್ತುತ್ತಿದ್ದರು. ಇವತ್ತು ಮಾತ್ರ ಪಕ್ಕದ ಕಟ್ಟಡದ ಮೇಲಿನ ಹೊಸ ಟವರು ಹಬ್ಬಕ್ಕೆಂದೇ ಸ್ನಾನ ಮಾಡಿ ನಿಂತಂತೆ ಹಜಾರದ ಮೂಲೆ ಮೂಲೆಗೂ ನೆಟ್‌ವರ್ಕು ಸುರಿಯುತ್ತಿತ್ತು.

ದಾರಿ ಕಾಣದೆ ಗಂಟೆಯೊಂದು ಕಳೆಯುವ ಹೊತ್ತಿಗೆ ಬಾಗಿಲಲ್ಲಿ ಬಿರುಗಾಳಿ ಎದ್ದಿತು. ಖುರ್ಷೀದಾ. ಆಫೀಸಿಗೆ ಫೋನು ಮಾಡಿ ಮಾಡಿ ಯಾರೂ ಎತ್ತದೆ, ಎಂ.ಜಿ. ರಸ್ತೆಯಲ್ಲಿ ಮೆಟ್ರೋ ಹತ್ತಿ ತಾನೇ ಬಂದಿದ್ದಳು.

"ಅರೆ ಕ್ಯಾ ಹೇಮಕ್ಕಾ, ಏನ್ ಮಾಡಿಟ್ಟಿದೀರಾ? ಜನ ಅಂಗಡಿಗೆ ಬರ್ತಾರೆ, ಟ್ಯಾಬ್ ನೋಡ್ತಾರೆ, ಕೈಮುಗಿದು ಹೂ ಹಾಕಿ ಹೋಗ್ತಾರೆ! ಯಾರೂ ಬಿಲ್ ಮಾಡಿಸ್ತಿಲ್ಲ! ಒಬ್ರು ಅಜ್ಜಿ ಟ್ಯಾಬ್ ಮೇಲೆ ತೆಂಗಿನಕಾಯಿ ಒಡೆಯಕ್ಕೆ ಬಂದ್ಬಿಟ್ರು, ಅಡ್ಡ ಮಲ್ಕೊಂಡು ತಪ್ಪಿಸ್ದೆ. ಕೈಯಲ್ಲಿ ಬಿಲ್ ಬರೀತೀನಿ ಅಂದ್ರೆ ತಕ್ಕಡೀನೂ ಟ್ಯಾಬ್‌ಗೇ ಕಟ್ಟಿಟ್ಟಿದೀರ!"

ಹೇಮಶ್ರೀ ಅವಳ ಮಾತು ಕೇಳುತ್ತಿರಲಿಲ್ಲ. ಅವಳ ಕೈ ನೋಡುತ್ತಿದ್ದಳು. ಆ ಕೈಯಲ್ಲಿ ಒಂದು ಫೋನು. ಆ ಹಜಾರದಲ್ಲಿ ದೇವಿ ಇಲ್ಲದ ಏಕೈಕ ಪರದೆ.

"ಖುರ್ಷೀದಾ," ಎಂದಳು ಹೇಮಶ್ರೀ, ಇಡೀ ವರ್ಷದಲ್ಲಿ ಎಂದೂ ಬಳಸದ ಮೆತ್ತನೆಯ ದನಿಯಲ್ಲಿ. "ನಿನ್ ಫೋನ್ ಸ್ವಲ್ಪ ಕೊಡ್ತೀಯಾ?"

ಖುರ್ಷೀದಾ ಒಂದು ಹೆಜ್ಜೆ ಹಿಂದೆ ಸರಿದಳು. "ಇದೆಲ್ಲ ಮಾಡಿದ್ದು ನನ್ ಫೋನ್‌ಗೋಸ್ಕರಾನಾ?"

ವಿಷಯ ತಿಳಿಸಲು ಸ್ವಲ್ಪ ಹೊತ್ತಾಯಿತು. ಎಲ್ಲ ಕೇಳಿ ಅವಳು "ಫೋನ್ ನನ್ ಕೈಲೇ ಇರುತ್ತೆ, ನಾನೇ ಒತ್ತೋದು" ಎಂಬ ಷರತ್ತಿನ ಮೇಲೆ ಒಪ್ಪಿದಳು. ಆದರೂ ಮಣೆಯ ಮೇಲಿನ ಫೋನಿಗೆ ನೆಟ್‌ವರ್ಕು ತಾಗದಂತೆ ಮಾಡುವುದು ಹೇಗೆ?

ಬಾಗಿಲ ಬಳಿ ಒರಗಿ ಎಲ್ಲ ನೋಡುತ್ತಿದ್ದ ಮುನಿನಾರಾಯಣಪ್ಪ ಈಗ ಗಂಟಲು ಸರಿಪಡಿಸಿಕೊಂಡ. ಅವನು ಮುಖ್ಯ ಅಡುಗೆಯವನು. ಅದಕ್ಕಿಂತ ಮುಖ್ಯವಾಗಿ, ಆ ಕಟ್ಟಡದ ಮಾಲೀಕ. ಒಂದು ಕಾಲಕ್ಕೆ ಅವನ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೇ ಆ ಕಟ್ಟಡ ನಿಂತಿತ್ತು. ರಾಯರಿಂದ ಬಾಡಿಗೆ ತೆಗೆದುಕೊಂಡು, ಅದೇ ರಾಯರ ಹತ್ತಿರ ತುಪ್ಪದ ವಾಸನೆಯ ಮೇಲಿನ ಮೋಹಕ್ಕೆ ಸಂಬಳಕ್ಕಿದ್ದ. ಹಾಗಾಗಿ ಯಜಮಾನರು ಯಾರೆಂಬುದು ಆ ಕಟ್ಟಡದಲ್ಲಿ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ.

"ನನ್ ದೊಡ್ ಕೊಪ್ಪರಿಗೆ ಐತಲ್ಲವ್ವ," ಎಂದ. "ಅದನ್ನ ತೊಳೆಯಾಕೆ ನಮ್ ಹುಡುಗ್ರು ಒಳಕ್ಕಿಳಿದ್ರೆ ಅವರ ಫೋನು ಸತ್ತೋದಂಗೆ ಇರ್ತದೆ. ಕರೆದ್ರೆ ಸಿಗಾಕಿಲ್ಲ. ಮಣೆ ಮೇಲೆ ಮಗುಚಿ ಹಾಕಾಣ. ನೀನು ಒಳಗೆ ಕೂತ್ಕೊ."

ಆ ಕೊಪ್ಪರಿಗೆಯ ವಿಚಾರ ಹೇಳಲೇಬೇಕು. ಅದರಲ್ಲಿ ಹಾಲು ಕಾಯಿಸಿದರೆ ಕೆನೆಯ ಮೇಲೆ ಹುಡುಗರು ಕ್ರಿಕೆಟ್ ಆಡಬಹುದಿತ್ತು. ಅದನ್ನು ಕಾರ್ಖಾನೆಯ ಒಳಕ್ಕೆ ತಂದದ್ದಲ್ಲ. ಮೊದಲು ಕೊಪ್ಪರಿಗೆ ಇಟ್ಟು ಆಮೇಲೆ ಸುತ್ತ ಗೋಡೆ ಕಟ್ಟಿದರು ಎಂದು ಹೇಳುವವರಿದ್ದರು.

"ಕೊಪ್ಪರಿಗೇನೂ ಆಯುಧವೇ ಅಲ್ವೇನಯ್ಯಾ? ಕದಲಿಸಬಹುದಾ?" ರಾಯರು ಅನುಮಾನಪಟ್ಟರು.

"ನನ್ ಕೊಪ್ಪರಿಗೆ ಪೂಜೆ ಮಧ್ಯಾಹ್ನಕ್ಕೆ ಸ್ವಾಮಿ, ಹಾಲು ಇಳಿಸಿದ್ ಮೇಲೆ. ಪೂಜೆ ಆಗ್ದಿದ್ದ ಆಯುಧ ಎಲ್ಲಿಗ್ ಬೇಕಾದ್ರೂ ಕದಲ್ತದೆ."

ಈ ವಾದಕ್ಕೆ ಪುರೋಹಿತರೂ ತಲೆದೂಗಿದರು.

ಹೇಮಶ್ರೀ ಖುರ್ಷೀದಾಳ ಫೋನಿನಲ್ಲಿ ಪ್ಲಾಟ್‌ಫಾರ್ಮಿನ ಬಾಗಿಲು ತೆರೆಸಿ, ಫೋನು ಅವಳ ಕೈಯಲ್ಲಿದ್ದಂತೆಯೇ ಸೆರಗಿನ ಮರೆಯಲ್ಲಿ ಪಾಸ್‌ವರ್ಡು ಮಾತ್ರ ತಾನೇ ಹೊಡೆದು, ಮಣೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಎಂಟು ಜನ ಅಡುಗೆಯವರು ಕೊಪ್ಪರಿಗೆಯನ್ನು ಎತ್ತಿ ತಂದು ದೇವಿ, ದೀಪ, ಸೌಟು, ಫೋನು, ಹೇಮಶ್ರೀ ಸಮೇತ ಮಗುಚಿ ಹಾಕಿದರು. ಅಂಚಿನ ಸಂದಿಯಿಂದ ನೆಟ್‌ವರ್ಕು ನುಸುಳೀತೆಂದು ಮುನಿನಾರಾಯಣಪ್ಪ ಸುತ್ತಲೂ ಕಡಲೆಹಿಟ್ಟಿನ ಕಣಕ ಮೆತ್ತಿಸಿದ.

"ಯಾ ಅಲ್ಲಾ, ಇದು ಬಿರಿಯಾನಿಗೆ ದಮ್ ಕಟ್ದಂಗೆ ಕಟ್ತಿದ್ದಾರಲ್ಲ," ಎಂದಳು ಖುರ್ಷೀದಾ. "ಹೇಮಕ್ಕಾ, ಬೇಗ ಹೇಳಿ, ಬೆಂದೋಗ್ತೀರ!"

ಒಳಗೆ ಹೇಮಶ್ರೀ ಗುಂಡಿ ಅದುಮಿದಳು. ದೀಪದ ಬೆಳಕಿನಲ್ಲಿ ಫೋನು ನಿಧಾನಕ್ಕೆ ಕಣ್ಣು ಬಿಟ್ಟಿತು. ನೆಟ್‌ವರ್ಕಿನ ಜಾಗದಲ್ಲಿ ಖಾಲಿ. ಬೀಗವಿಲ್ಲ! ಆಪು ತೆರೆದಳು. ಆರಂಕಿ ಹೊಳೆಯಿತು. ಓದಲು ಬಾಯಿ ತೆರೆದಳು. ಅಷ್ಟು ಹೊತ್ತು ಹೋಗಲು ದಾರಿಯಿಲ್ಲದೆ ಸುಮ್ಮನೆ ಸುತ್ತುತ್ತಿದ್ದ ಊದುಬತ್ತಿಯ ಹೊಗೆಗೆ ಒಂದು ದಾರಿ ಸಿಕ್ಕಿತು. ಅವಳು ಕೆಮ್ಮಿದ ಕೆಮ್ಮಿಗೆ ಕೊಪ್ಪರಿಗೆ ದೇವಸ್ಥಾನದ ಗಂಟೆಯ ಹಾಗೆ ಮೊಳಗಿ, ಬೀದಿಯಲ್ಲಿ ಹೋಗುತ್ತಿದ್ದವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಕೆಮ್ಮು ನಿಲ್ಲುವಷ್ಟರಲ್ಲಿ ಆ ಸಂಖ್ಯೆ ಸತ್ತಿತ್ತು.

"ಹೇಮಕ್ಕಾ, ಇದು ಸಾಕಾಗಿ ವಾಪಸ್ ಹೋಯ್ತು. ಮೊದಲಿಂದ ಪಾಸ್‌ವರ್ಡ್ ಕೇಳ್ತಿದೆ!"

ಖುರ್ಷೀದಾ ಕೊಪ್ಪರಿಗೆಯ ಮೇಲೆ ತಟ್ಟಿದಳು.

"ಹೇಮಕ್ಕಾ? ಇದೀರಾ?"

"ಇದೀನಿ. ಅಲ್ಲಿ ಯಾರ್ಯಾರಿದ್ದಾರೆ?"

"ಎಲ್ಲಾರೂ."

"ಕಿವಿ ಮುಚ್ಕೊಳ್ಳಕ್ಕೆ ಹೇಳು."

ಎಲ್ಲರೂ ಕಿವಿಯ ಮೇಲೆ ಕೈ ಇಟ್ಟು, ಚೆನ್ನಾಗಿ ಕೇಳಿಸಲೆಂದು ಬೆರಳು ಬಿಡಿಸಿಕೊಂಡರು.

"ಇಂಗ್ಲಿಷ್ ಅಕ್ಷರದಲ್ಲಿ ಹೊಡಿ. ಖುರ್ಷೀದಾ..."

"ಹೇಳಿ, ಇಲ್ಲೇ ಇದೀನಿ."

"ನಿನ್ನ ಕರೀತಿಲ್ಲಮ್ಮ. ಅದೇ ಪಾಸ್‌ವರ್ಡು. 'ಖುರ್ಷೀದಾ ಸಿಕ್ಕೇ ಸಿಗ್ತಾಳೆ.' ಎಲ್ಲ ಕೂಡಿಸಿ ಹೊಡಿ. ಕೊನೆಗೆ ಒಂದು."

ಖುರ್ಷೀದಾ ಫೋನು ನೋಡಿದಳು, ಕೊಪ್ಪರಿಗೆ ನೋಡಿದಳು. "ಒಂದು ಯಾಕೆ?"

"ಬರೀ ಅಕ್ಷರ ಇದ್ರೆ ಭದ್ರ ಅಲ್ಲ ಅಂತ."

ತನ್ನ ಹೆಸರು ತಾನೇ ಹೊಡೆದು ಅವಳು ಮೊದಲ ಬೀಗ ದಾಟಿದಳು. ಈ ಸಲ ಹೇಮಶ್ರೀ ಮೂಗನ್ನು ಸೆರಗಿನಲ್ಲಿ ಕಟ್ಟಿ, ಹೊಸ ಸಂಖ್ಯೆ ಹುಟ್ಟಿದ ತಕ್ಷಣ ಆರು ಅಂಕಿಗಳನ್ನೂ ಒಂದೇ ಉಸಿರಿನಲ್ಲಿ ಕೂಗಿದಳು. ಆ ಕೂಗು ಹೂಡಿ ಮೆಟ್ರೋ ನಿಲ್ದಾಣದವರೆಗೆ ಕೇಳಿಸಿತಂತೆ. ಅಲ್ಲಿ ಯಾರೋ ಅದನ್ನು ಲಾಟರಿ ಸಂಖ್ಯೆ ಎಂದು ಬರೆದಿಟ್ಟುಕೊಂಡರಂತೆ.

ಬಾಗಿಲು ತೆರೆಯಿತು. ಇಡೀ ಸಾಮ್ರಾಜ್ಯ ಖುರ್ಷೀದಾಳ ಅಂಗೈಗೆ ಬಂದು ಕೂತಿತು. ಅವಳು ಬೆರಳಿನಿಂದ ಮೆಲ್ಲಗೆ ಸರಿಸುತ್ತಾ ಹೋದಳು.

"ಓಹೋ. ಎಲ್ಲಾ ಹಸಿರು, ನಾನೊಬ್ಳೇ ಕೆಂಪು. ಚೆನ್ನಾಗೇ ಕಾಣ್ತೀನಿ."

"ಖುರ್ಷೀದಾ, 'ಎಲ್ಲವೂ ಬಿಡಿಸು' ಅಂತಿದೆ ನೋಡು, ಅದನ್ನೊತ್ತು!"

"ಒತ್ತೋಣ, ಒತ್ತೋಣ. ಮೊದ್ಲು ಹೇಳಿ. ಇನ್ಮೇಲೆ ನನ್ ಫೋನ್ ಕೇಳ್ತೀರಾ?"

"ಇಲ್ಲ!"

"ಅಂಗಡಿ ಟ್ಯಾಬಲ್ಲಿ ಮಧ್ಯಾಹ್ನ ಹಾಡು ಕೇಳಿದ್ರೆ ನಿಲ್ಲಿಸ್ತೀರಾ?"

"ನಿಲ್ಲಿಸಲ್ಲ!"

"ಆ ಪಾಸ್‌ವರ್ಡು?"

"ಬದಲಾಯಿಸ್ತೀನಿ ಕಣೇ, ಒತ್ತು! ದೀಪ ನನ್ನ ರೇಷ್ಮೆ ಸೀರೆ ಅಂಚಿನ ಕಡೆ ನೋಡ್ತಿದೆ!"

ಖುರ್ಷೀದಾ ಒತ್ತಿದಳು. ಹಜಾರದ ಎಲ್ಲ ಜೇಬುಗಳೂ ಒಮ್ಮೆಗೇ ಗುಂಯ್‌ಗುಟ್ಟಿದವು. ಕುಂಕುಮ ಕರಗಿತು. ಇಂದಿರಾನಗರದಿಂದ ಕೆ.ಆರ್. ಪುರಂವರೆಗೆ ತಕ್ಕಡಿಗಳು ನಿಟ್ಟುಸಿರುಬಿಟ್ಟು ಸೊನ್ನೆಗೆ ಬಂದವು. ಕಾರ್ಖಾನೆಯ ಮುಂದಿನ ಅಂಗಡಿಯಲ್ಲಿ ಕಾಯುತ್ತಿದ್ದ ಜನ "ಓ" ಎಂದದ್ದು ಇಲ್ಲಿಗೇ ಕೇಳಿಸಿತು.

ಅಡುಗೆಯವರು ಕಣಕ ಕಿತ್ತು ಕೊಪ್ಪರಿಗೆ ಎತ್ತಿದರು. ಹೊಗೆಯ ನಡುವಿನಿಂದ ಹೇಮಶ್ರೀ ಕಾಣಿಸಿಕೊಂಡಳು. ಮುಖವೆಲ್ಲ ದೀಪದ ಮಸಿ, ಹಣೆಯಿಂದ ಗಲ್ಲದವರೆಗೆ ಇಳಿದ ಕುಂಕುಮ, ಕೆದರಿದ ತಲೆಯಲ್ಲಿ ಸೇವಂತಿಗೆ, ಕೆಂಪಾದ ಎರಡು ಕಣ್ಣು. ಚಪ್ಪಲಿ ಬಿಟ್ಟು ಬಂದಿದ್ದ ದಾರಿಹೋಕರು ಸಾಷ್ಟಾಂಗ ಬಿದ್ದರು. ಜ್ವರದ ಡೆಲಿವರಿ ಹುಡುಗ ಎಲ್ಲಿದ್ದನೋ, ಅವನೂ ಬಂದು ಬಿದ್ದ. ಮಣೆಯ ಮೇಲಿನ ಫೋನು ಇಟ್ಟಲ್ಲೇ ಇತ್ತು, ಅದರ ಮೇಲಿನ ಹೂ ಕೂಡ ಜರುಗಿರಲಿಲ್ಲ.

ರಾಯರು ಅದನ್ನು ಸುತ್ತಿ ಸುತ್ತಿ ನೋಡಿದರು. ಆಮೇಲೆ ಲಿಖಿತ್ ಕಡೆ ತಿರುಗಿದರು. "ಏನಪ್ಪಾ, ನಿನ್ನ ಹೊರಗಿನ ಕಂಪನಿಯವರು ಹೀಗೆ ಕೊಪ್ಪರಿಗೆಯೊಳಗೆ ಕೂರ್ತಾರಾ?"

"ಅದು ಕಾಂಟ್ರಾಕ್ಟ್‌ನಲ್ಲಿ ಬರಲ್ಲ ದೊಡ್ಡಪ್ಪಾ."

"ಹಾಗಾದ್ರೆ ಹೋಗಿ ಕಡಲೆಪುರಿ ಕಟ್ಟು, ಜನ ಕಾಯ್ತಿದ್ದಾರೆ."

ಲಿಖಿತ್ ಹೋದ. ಹಲಸೂರು ಅಂಗಡಿಯ ನಿಲ್ಲುವ ಕೆಲಸವೂ ಅವನ ಜೊತೆಗೇ ಹೇಮಶ್ರೀಯ ಕಣ್ಣಮುಂದಿನಿಂದ ಹೋಯಿತು. ಖುರ್ಷೀದಾ ತನ್ನ ಸೆರಗಿನ ತುದಿಯಿಂದ ಅವಳ ಮುಖದ ಮಸಿ ಒರೆಸತೊಡಗಿದಳು. ಒರೆಸಿದಷ್ಟೂ ಅದು ಕಿವಿಗಳ ಕಡೆ ಹರಡಿತು.

ರಾಯರಿಗೆ ಒಂದು ಮಾತು ಆಡದೆ ಬಿಡಲು ಮನಸ್ಸಾಗಲಿಲ್ಲ. "ಅಲ್ರೀ ಹೇಮಶ್ರೀ, ಕೂತ ಜಾಗದಿಂದ ಏಳೋದೇ ಇಲ್ಲ, ಎಲ್ಲ ಕೂತಲ್ಲಿಂದಲೇ ಅಂತ ಮೆಟ್ರೋದವರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ರಲ್ಲ. ಇವತ್ತೇನಾಯ್ತು?"

ಹೇಮಶ್ರೀ ಮಣೆಯ ಮುಂದೆ ಹಾಕಿದ ಚಕ್ಕಳಮಕ್ಕಳ ಇನ್ನೂ ಬಿಚ್ಚಿರಲಿಲ್ಲ.

"ಇವತ್ತೂ ಕೂತೇ ಇದೀನಲ್ಲ ಸಾರ್. ನಾನು ಎದ್ದಿದ್ರೆ ಕೊಪ್ಪರಿಗೆ ಕದಲ್ತಿತ್ತು. ಕೊಪ್ಪರಿಗೆ ಕದಲಿದ್ರೆ ನಿಮ್ಮ ಪೂಜೆ ಕದಲ್ತಿತ್ತು. ಇನ್ನೊಂದು ಮೆಟ್ಟಿಲು ಬೇಕಿತ್ತಾ?"